ಫ್ರೆಡರಿಕ್ ಲೀ: ಕ್ಯಾನ್ಸರ್ ಕಂಡ ಮನೆತನಗಳು, ಕ್ಯಾನ್ಸರ್‌ನಿಂದ ಪಾರಾದ ಮಕ್ಕಳು

ಲೀ, ಫ್ರೆಡರಿಕ್ ಪೇ (1940–2015): ಅಮೆರಿಕದ ವೈದ್ಯ, ಕ್ಯಾನ್ಸರ್ ಎಪಿಡೆಮಿಯಾಲಜಿಸ್ಟ್, ಅಂದರೆ ರೋಗ ಯಾರಿಗೆ, ಎಷ್ಟು ಮಂದಿಗೆ, ಏಕೆ ಬರುತ್ತದೆಂದು ಲೆಕ್ಕ ಹಾಕಿ ನೋಡುವವರು. ಒಂದೇ ಕುಟುಂಬದಲ್ಲಿ ಬೇರೆ ಬೇರೆ ಬಗೆಯ ಕ್ಯಾನ್ಸರ್‌ಗಳು ಎಳೆ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ ಲೀ–ಫ್ರೌಮೆನಿ ಸಿಂಡ್ರೋಮ್ ಅನ್ನು ಸಹೋದ್ಯೋಗಿ ಜೋಸೆಫ್ ಫ್ರೌಮೆನಿ ಅವರೊಂದಿಗೆ ಸೇರಿ ಗುರುತಿಸಿದವರು. ಬಾಲ್ಯದ ಕ್ಯಾನ್ಸರ್‌ನಿಂದ ಪಾರಾದವರು ಮುಂದೆ ಹೇಗೆ ಬಾಳುತ್ತಾರೆ ಎಂಬುದನ್ನು ವೈದ್ಯಕೀಯದ ಪ್ರಶ್ನೆಯಾಗಿ ಕೈಗೆತ್ತಿಕೊಂಡ ಮೊದಲಿಗರಲ್ಲಿ ಒಬ್ಬರು. ವಂಶವಾಹಿಗಳ ಶೋಧದ ಕಥೆಯಲ್ಲೂ ಪಾರಾದವರ ಆರೈಕೆಯ ಕಥೆಯಲ್ಲೂ ಇವರ ಹೆಸರು ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತದೆ. ಇವರ ಮೇಜಿನ ಮೇಲೆ ಅವೆರಡೂ ಒಂದೇ ಕಡತದಲ್ಲಿದ್ದವು. ಕ್ಯಾನ್ಸರ್ ಬಂದವರ ಬಗ್ಗೆ ಲೀ ಕೇಳಿದ್ದು ಎರಡೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಇನ್ಯಾರಿಗಾದರೂ ಇತ್ತೇ? ಆಮೇಲೆ ಏನಾಯಿತು? ಎರಡನೆಯದನ್ನು ಹತ್ತಿಪ್ಪತ್ತು ವರ್ಷ ಬಿಡದೆ ಕೇಳಿದ್ದರಿಂದ ಮೊದಲನೆಯದಕ್ಕೂ ಉತ್ತರ ಸಿಕ್ಕಿತು.

ಲೀ ಹುಟ್ಟಿದ್ದು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ. ತಂದೆ ಲೀ ಹಾನ್‌ಹುನ್ ಚೀನಾದ ರಾಷ್ಟ್ರವಾದಿ ಪಕ್ಷ ಕ್ವೋಮಿಂಟಾಂಗ್ ಸೇನೆಯ ಜನರಲ್. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಆ ಪ್ರಾಂತ್ಯದ ಗವರ್ನರ್ ಕೂಡ ಆಗಿದ್ದರು. ಯುದ್ಧ ಮುಗಿದ ಮೇಲೆ ಕುಟುಂಬ ಅಮೆರಿಕಕ್ಕೆ ಬಂದು ನೆಲೆಸಿ, ನ್ಯೂಯಾರ್ಕ್ ನಗರದ ಹತ್ತಿರದ ವೈಟ್ ಪ್ಲೇನ್ಸ್‌ನಲ್ಲಿ ಚೀನೀ ಹೋಟೆಲ್ ನಡೆಸಿತು. ಲೀ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದರು, ರಾಚೆಸ್ಟರ್‌ನಲ್ಲಿ ವೈದ್ಯ ಪದವಿ ಪಡೆದರು. ಮುಂದೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಜನಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಕೂಡ ಮಾಡಿದರು. ವೈದ್ಯರೊಬ್ಬರು ಜನಸಂಖ್ಯಾಶಾಸ್ತ್ರ ಓದುವುದು ಆಗಲೂ ಅಪರೂಪ, ಈಗಲೂ ಅಪರೂಪ. ನೂರು ಜನರಲ್ಲಿ ಎಷ್ಟು ಮಂದಿಗೆ ಈ ರೋಗ ಬರಬೇಕಿತ್ತು, ಎಷ್ಟು ಮಂದಿಗೆ ಬಂತು ಎಂಬ ಲೆಕ್ಕ ಇವರ ಪ್ರಬಂಧಗಳ ಬೆನ್ನೆಲುಬಾಗಿರುವುದಕ್ಕೆ ಆ ಓದು ಕಾರಣವಿರಬೇಕು.

ನಾಲ್ಕು ಕುಟುಂಬಗಳು

1967ರಲ್ಲಿ ಲೀ ಬೆಥೆಸ್ಡಾದಲ್ಲಿರುವ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಪಿಡೆಮಿಯಾಲಜಿ ವಿಭಾಗಕ್ಕೆ ಸೇರಿದರು. ವಿಭಾಗದ ಮುಖ್ಯಸ್ಥ ರಾಬರ್ಟ್ ಮಿಲ್ಲರ್ ಮಕ್ಕಳ ವೈದ್ಯರು. ವಿಚಿತ್ರವಾದ ಒಂದು ರೋಗಿಯ ಕಥೆ ಕೇಳಿದರೆ ಅಂಥದ್ದೇ ಇನ್ನೊಂದು ಎಲ್ಲಿದೆ ಎಂದು ಹುಡುಕುವುದು ಅವರ ದಾರಿ. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪೊರೆಯೇ ಇಲ್ಲದೆ ಹುಟ್ಟಿದ ಮಕ್ಕಳಲ್ಲಿ ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆ ಹೆಚ್ಚಾಗಿರುತ್ತದೆ ಎಂದು 1964ರಲ್ಲೇ ಅವರು ಫ್ರೌಮೆನಿ ಮತ್ತಿತರರೊಂದಿಗೆ ತೋರಿಸಿದ್ದರು. ಸಂಸ್ಥೆಯ ದುಡ್ಡು ಮತ್ತು ಗಮನ ಮಾತ್ರ ಆಗ ಬೇರೆ ಕಡೆಗಿತ್ತು. ಕ್ಯಾನ್ಸರ್‌ಗೆ ವೈರಸ್ಸೇ ಕಾರಣವಿರಬಹುದು ಎಂದು ಅದನ್ನು ಹಿಡಿಯಲು ದೊಡ್ಡ ಕಾರ್ಯಕ್ರಮವೇ ನಡೆಯುತ್ತಿತ್ತು. ಹಾಗಿರುವಾಗ ಮನೆತನದ ಕ್ಯಾನ್ಸರ್ ಎಂಬ ಮಾತು ಹೆಚ್ಚು ಜನರ ಕಿವಿಗೆ ಬೀಳುವಂಥದ್ದಾಗಿರಲಿಲ್ಲ.

ಆ ದಿನಗಳಲ್ಲಿ ಇವರ ಎದುರಿಗೆ ಬಂದದ್ದು ಒಂದು ಕುಟುಂಬ. ಎಳೆ ಪ್ರಾಯದ ತಂದೆಗೆ ತೀವ್ರ ಸ್ವರೂಪದ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅವನ ಪುಟ್ಟ ಮಗನಿಗೆ ರ್ಯಾಬ್ಡೋಮಯೋಸಾರ್ಕೋಮಾ, ಅಂದರೆ ಸ್ನಾಯುವಿನ ಜೀವಕೋಶಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ತಂದೆಯ ಕಡೆಯವರನ್ನು ವಿಚಾರಿಸುತ್ತ ಹೋದಂತೆ ಒಬ್ಬೊಬ್ಬರಿಗೆ ಒಂದೊಂದು ಜಾಗದಲ್ಲಿ ಕ್ಯಾನ್ಸರ್ ಬಂದಿದ್ದುದು ತಿಳಿಯಿತು. ಪಾಠದ ಪ್ರಕಾರ ಈ ಬೇರೆ ಬೇರೆ ಜಾಗದ ಕ್ಯಾನ್ಸರ್ಗಳಿಗೆ ಒಂದಕ್ಕೊಂದು ಸಂಬಂಧ ಇರಬಾರದು. ರಕ್ತದ ಕ್ಯಾನ್ಸರ್‌ಗೆ ಒಂದು ಕಾರಣ, ಸ್ತನದ ಕ್ಯಾನ್ಸರ್‌ಗೆ ಇನ್ನೊಂದು ಎಂದೇ ಆಗ ನಂಬಿಕೆ. ಎಪಿಡೆಮಿಯಾಲಜಿಯವರು ವಂಶವೃಕ್ಷ ಬರೆಯುವುದು ಹೀಗೆ: ಹೆಂಗಸಿಗೆ ವೃತ್ತ, ಗಂಡಸಿಗೆ ಚೌಕ, ರೋಗ ಬಂದವರಿಗೆ ಒಳಗೆಲ್ಲ ಮಸಿ, ತೀರಿಕೊಂಡವರ ಮೇಲೆ ಅಡ್ಡಗೆರೆ. ಈ ಕುಟುಂಬದ ಚಿತ್ರದಲ್ಲಿ ಮಸಿಯೂ ಅಡ್ಡಗೆರೆಯೂ ಅಜ್ಜಿಯ ಸಾಲಿನಲ್ಲಷ್ಟೇ ಇರಲಿಲ್ಲ, ಮೊಮ್ಮಕ್ಕಳ ಸಾಲಿಗೂ ಇಳಿದಿದ್ದವು.

ಒಂದು ಮನೆಯಲ್ಲಿ ಇಷ್ಟಾದರೆ ಅದನ್ನು ಗ್ರಹಚಾರ ಎಂದುಬಿಡಬಹುದು. ಹಾಗಾಗಿ ಲೀ ಮತ್ತು ಫ್ರೌಮೆನಿ ರ್ಯಾಬ್ಡೋಮಯೋಸಾರ್ಕೋಮಾ ಬಂದಿದ್ದ 648 ಮಕ್ಕಳ ಆಸ್ಪತ್ರೆ ದಾಖಲೆಗಳನ್ನೂ ಮರಣ ಪ್ರಮಾಣಪತ್ರಗಳನ್ನೂ ಒಂದೊಂದಾಗಿ ತೆಗೆದು ನೋಡಿದರು. ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಸಿಗುವ ಕಾಲವಲ್ಲ ಅದು. ಆ 648ರಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಅಥವಾ ದೊಡ್ಡಪ್ಪ ಚಿಕ್ಕಪ್ಪ ಅತ್ತೆ ಮಾವಂದಿರ ಮಕ್ಕಳು ಇಬ್ಬರಿಗೂ ಬಾಲ್ಯದಲ್ಲೇ ಸಾರ್ಕೋಮಾ (ಮೂಳೆ, ಸ್ನಾಯುಗಳಂಥ ಅಂಗಾಂಶಗಳ ಕ್ಯಾನ್ಸರ್) ಬಂದಿದ್ದ ನಾಲ್ಕು ಕುಟುಂಬಗಳು ಸಿಕ್ಕವು. ಆ ಮಕ್ಕಳ ತಾಯಂದಿರಲ್ಲಿ, ಹತ್ತಿರದ ಬಂಧುಗಳಲ್ಲಿ ಚಿಕ್ಕ ವಯಸ್ಸಿನ ಸ್ತನ ಕ್ಯಾನ್ಸರ್ ಮತ್ತಿತರ ಕ್ಯಾನ್ಸರ್‌ಗಳೂ ಇದ್ದವು. 1969ರಲ್ಲಿ ಈ ವಿಷಯ ಎರಡು ಪ್ರಬಂಧಗಳಾಗಿ ಹೊರಬಂತು. ‘ಆ್ಯನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ಶೀರ್ಷಿಕೆಯ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ: ಇದು ಕೌಟುಂಬಿಕ ಸಿಂಡ್ರೋಮೇ? ಆ ಚಿಹ್ನೆ ಬರಿಯ ವಿನಯವಲ್ಲ. ಒಂದೇ ಮನೆಯವರು ಒಂದೇ ನೀರು ಕುಡಿಯುತ್ತಾರೆ, ಒಂದೇ ಗಾಳಿ ಉಸಿರಾಡುತ್ತಾರೆ, ಒಂದೇ ಸೋಂಕಿಗೆ ಸಿಗುತ್ತಾರೆ. ವಂಶವಾಹಿಯೇ ಕಾರಣ ಎನ್ನಲು ನಾಲ್ಕು ಕುಟುಂಬಗಳ ಹಳೆಯ ಕಥೆ ಸಾಲದು. ಆಗಿಹೋದದ್ದನ್ನು ಹೆಕ್ಕಿ ಜೋಡಿಸಿದರೆ ಎಂಥ ವಿನ್ಯಾಸ ಬೇಕಾದರೂ ಮೂಡುತ್ತದೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ.

ಕಾಯುವ ಕೆಲಸ

ಆಕ್ಷೇಪಕ್ಕೆ ಉತ್ತರ ಕೊಡಲು ಇದ್ದದ್ದು ಒಂದೇ ದಾರಿ, ಕಾಯುವುದು. ಆ ನಾಲ್ಕು ಕುಟುಂಬಗಳಲ್ಲಿ ಬದುಕಿದ್ದ 31 ಜನರ ಸಂಪರ್ಕವನ್ನು ಲೀ ಬಿಡಲಿಲ್ಲ. ಸುಮಾರು 12 ವರ್ಷಗಳ ಲೆಕ್ಕವನ್ನು 1982ರಲ್ಲಿ ಪ್ರಕಟಿಸಿದರು. ಅಷ್ಟು ಜನರಲ್ಲಿ ಅಷ್ಟು ಕಾಲದಲ್ಲಿ ಸಾಮಾನ್ಯವಾಗಿ ನಿರೀಕ್ಷಿಸಬಹುದಾಗಿದ್ದ ಹೊಸ ಕ್ಯಾನ್ಸರ್‌ಗಳ ಸಂಖ್ಯೆ 0.5, ಅಂದರೆ ಒಂದಕ್ಕೂ ಕಡಿಮೆ. ಆದರೆ 10 ಜನರಿಗೆ ಒಟ್ಟು 16 ಕ್ಯಾನ್ಸರ್‌ಗಳು ಬಂದಿದ್ದವು. ಅದರಲ್ಲಿ ಐದು ಸ್ತನದವು, ನಾಲ್ಕು ಸಾರ್ಕೋಮಾಗಳು. ಇದು ಹಿಂದಿರುಗಿ ನೋಡಿ ಹೆಕ್ಕಿದ್ದಲ್ಲ, ಮುಂದೆ ಕಾದು ನೋಡಿದ್ದು. ಸಿಂಡ್ರೋಮ್‌ಗೆ ಲೀ–ಫ್ರೌಮೆನಿ ಎಂಬ ಹೆಸರನ್ನು ಇವರೇ ಇಟ್ಟುಕೊಳ್ಳಲಿಲ್ಲ. ಅದೇ 1982ರಲ್ಲಿ ಅಂಥದ್ದೇ ಕುಟುಂಬಗಳನ್ನು ಕಂಡ ಬ್ರಿಟನ್ನಿನ ವೈದ್ಯರು ತಮ್ಮ ಪ್ರಬಂಧದಲ್ಲಿ ಆ ಹೆಸರು ಬಳಸಿದರು.

1988ರ ಹೊತ್ತಿಗೆ ಕುಟುಂಬಗಳ ಸಂಖ್ಯೆ 24ಕ್ಕೆ ಏರಿತ್ತು. ರಕ್ತಸಂಬಂಧಿಗಳಲ್ಲಿ 151 ಮಂದಿಗೆ ಕ್ಯಾನ್ಸರ್. ಅವರಲ್ಲಿ 119 ಮಂದಿಗೆ, ಅಂದರೆ ಶೇ. 79ರಷ್ಟು ಜನಕ್ಕೆ, 45 ವರ್ಷ ತುಂಬುವ ಮೊದಲೇ ಬಂದಿತ್ತು. ಮೂಳೆ ಮತ್ತು ಮೃದು ಅಂಗಾಂಶಗಳ ಸಾರ್ಕೋಮಾ, ಸ್ತನ, ಮಿದುಳು, ಲ್ಯುಕೇಮಿಯಾ, ಅಡ್ರಿನಲ್ ಗ್ರಂಥಿ ಎಂದು ಕ್ಯಾನ್ಸರ್‌ಗಳ ಗುಂಪು ಈ ಪ್ರಬಂಧದಲ್ಲಿ ಸ್ಪಷ್ಟವಾಯಿತು. ಕುಟುಂಬವನ್ನು ಗುರುತಿಸಲು ಇಂದಿಗೂ ಬಳಕೆಯಲ್ಲಿರುವ ಮಾನದಂಡ ಬಂದದ್ದೂ ಇಲ್ಲಿಂದಲೇ. 45ರೊಳಗೆ ಸಾರ್ಕೋಮಾ ಬಂದ ಒಬ್ಬರು. ಅವರ ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ 45ರೊಳಗೆ ಯಾವುದಾದರೂ ಕ್ಯಾನ್ಸರ್ ಬಂದ ಇನ್ನೊಬ್ಬರು. ಹತ್ತಿರದ ಬಂಧುಗಳಲ್ಲಿ ಹಾಗೆಯೇ ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಬಂದ, ಇಲ್ಲವೇ ಯಾವ ವಯಸ್ಸಿನಲ್ಲಾದರೂ ಸಾರ್ಕೋಮಾ ಬಂದ ಮೂರನೆಯವರು.

ತಲೆಮಾರಿನಿಂದ ತಲೆಮಾರಿಗೆ ನಡೆದುಬಂದ ರೀತಿ ನೋಡಿದರೆ ಇದು ಪ್ರಬಲ ವಂಶವಾಹಿಯ ನಡೆ. ಕೆಟ್ಟ ಪ್ರತಿ ತಂದೆಯಿಂದಲೋ ತಾಯಿಯಿಂದಲೋ ಒಂದು ಬಂದರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ನಮ್ಮಲ್ಲಿ ಇರುವುದರಿಂದ ‘ಮನೆತನದ ಕಾಯಿಲೆ’ ಎಂದ ಕೂಡಲೇ ರಕ್ತಸಂಬಂಧದ ಮದುವೆಯನ್ನು ದೂರುವುದು ರೂಢಿ. ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದಾಗಲೇ ತಲೆಯೆತ್ತುವ ಕಾಯಿಲೆಗಳಿಗೆ ಆ ದೂರು ಸಲ್ಲುತ್ತದೆ. ಲೀ–ಫ್ರೌಮೆನಿಗೆ ಸಲ್ಲುವುದಿಲ್ಲ. ಪೂರ್ತಿ ಹೊರಗಿನಿಂದ ಹೆಣ್ಣು ತಂದರೂ ಗಂಡು ತಂದರೂ ಇದರ ಲೆಕ್ಕ ಬದಲಾಗದು.

ಬಾಸ್ಟನ್: ಪಾರಾದ ಮಕ್ಕಳು

1971ರಲ್ಲಿ ಲೀ ಬಾಸ್ಟನ್ನಿಗೆ ಹೋದರು. ಅಲ್ಲಿ ಸಿಡ್ನಿ ಫಾರ್ಬರ್ ಕಟ್ಟಿದ ಮಕ್ಕಳ ಕ್ಯಾನ್ಸರ್ ಕೇಂದ್ರ ಇತ್ತು. ಇಂದು ಅದರ ಹೆಸರು ಡೇನಾ–ಫಾರ್ಬರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್. ಲ್ಯುಕೇಮಿಯಾ ಬಂದ ಮಕ್ಕಳಿಗೆ ಔಷಧಿಯಿಂದ ತಾತ್ಕಾಲಿಕವಾಗಿಯಾದರೂ ಗುಣ ಕಾಣಿಸಬಹುದು ಎಂದು ಫಾರ್ಬರ್ 1948ರಲ್ಲಿ ತೋರಿಸಿದ್ದರು. ಅವರ ಕಾಲದಲ್ಲಿ ಮಗು ಬದುಕಿದರೆ ಸಾಕಿತ್ತು. ಲೀ ಅಲ್ಲಿಗೆ ಹೋಗುವ ಹೊತ್ತಿಗೆ ಬದುಕಿದ ಮಕ್ಕಳು ದೊಡ್ಡವರಾಗತೊಡಗಿದ್ದರು. ಅವರ ವಿಷಯದಲ್ಲಿ ವೈದ್ಯರ ಬಳಿ ಹೇಳಲು ಏನೂ ಇರಲಿಲ್ಲ. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನೌಕರರಾಗಿದ್ದುಕೊಂಡೇ ಲೀ ಬಾಸ್ಟನ್ನಿನಲ್ಲಿ ಎರಡು ದಶಕ ಈ ಕೆಲಸ ಮಾಡಿದರು. 1991ರಲ್ಲಿ ಪೂರ್ತಿಯಾಗಿ ಡೇನಾ–ಫಾರ್ಬರ್‌ಗೆ ಸೇರಿದರು.

ಬಾಲ್ಯದ ಕ್ಯಾನ್ಸರ್‌ನಿಂದ ಪಾರಾದವರಲ್ಲಿ ಎರಡನೆಯ ಕ್ಯಾನ್ಸರ್ ಹುಟ್ಟುವ ಅಪಾಯದ ಬಗ್ಗೆ ಇವರು ಸಹೋದ್ಯೋಗಿಗಳೊಂದಿಗೆ 1975ರಲ್ಲಿ ಬರೆದರು. ಅಂಥವರ ಮಕ್ಕಳ ಬಗ್ಗೆ 1979ರಲ್ಲಿ. ಕ್ಯಾನ್ಸರ್ ಚಿಕಿತ್ಸೆ ಪಡೆದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ, ಅವಳಿಗೆ ಹುಟ್ಟುವ ಮಗು ಸರಿಯಿರುತ್ತದೆಯೇ ಎಂಬ ಭಯ ಬಾಸ್ಟನ್ನಿನಲ್ಲೂ ಇತ್ತು. ಕಣ್ಣಿನ ರೆಟಿನೋಬ್ಲಾಸ್ಟೋಮಾದಂಥ ಆನುವಂಶಿಕ ಬಗೆಗಳನ್ನು ಬಿಟ್ಟರೆ ಆ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚೇನೂ ಕಾಣಲಿಲ್ಲ ಎಂಬುದು ಎಷ್ಟೋ ಮನೆಗಳಿಗೆ ದೊಡ್ಡ ಸಮಾಧಾನ. ಎಲ್ಲ ಸುದ್ದಿಯೂ ಹಾಗಿರಲಿಲ್ಲ. ವಿಲ್ಮ್ಸ್ ಗೆಡ್ಡೆಯಿಂದ ಪಾರಾದವರ ಗರ್ಭಧಾರಣೆಗಳನ್ನು ಕುರಿತ 1987ರ ಅಧ್ಯಯನದಲ್ಲಿ ಹೊಟ್ಟೆಯ ಭಾಗಕ್ಕೆ ವಿಕಿರಣ ಪಡೆದಿದ್ದ ಹೆಂಗಸರ 114 ಗರ್ಭಧಾರಣೆಗಳಲ್ಲಿ 34ರಲ್ಲಿ ಶಿಶು ತೂಕ ಕಡಿಮೆಯಿರುವುದೋ ಹೆರಿಗೆಯ ಆಸುಪಾಸಿನಲ್ಲಿ ತೀರಿಕೊಳ್ಳುವುದೋ ಆಗಿತ್ತು. ವಿಕಿರಣ ಪಡೆಯದ ಹೆಂಗಸರು ಮತ್ತು ಪಾರಾದ ಗಂಡಸರ ಹೆಂಡತಿಯರ 77ರಲ್ಲಿ ಹಾಗಾದದ್ದು ಎರಡರಲ್ಲಿ ಮಾತ್ರ. ನಾಲ್ಕೈದು ವರ್ಷದ ಮಗುವಿಗೆ ಕೊಟ್ಟ ವಿಕಿರಣದ ಲೆಕ್ಕ ಇಪ್ಪತ್ತು ವರ್ಷ ಕಳೆದ ಮೇಲೆ ಹೆರಿಗೆ ಕೋಣೆಯಲ್ಲಿ ಚುಕ್ತಾ ಆಗುತ್ತಿತ್ತು. ವಿಕಿರಣದ ಪ್ರಮಾಣ ತಗ್ಗಿಸಿಯೂ ಗುಣಪಡಿಸಲು ಸಾಧ್ಯವೇ ಎಂಬ ಪ್ರಯತ್ನಗಳಿಗೆ ಇಂಥ ಅಧ್ಯಯನಗಳು ಬಲ ಕೊಟ್ಟವು.

1990ರ ದಶಕದ ಆರಂಭದಲ್ಲಿ ಡೇನಾ–ಫಾರ್ಬರ್‌ನಲ್ಲಿ ಬಾಲ್ಯದ ಕ್ಯಾನ್ಸರ್‌ನಿಂದ ಪಾರಾದವರಿಗೆಂದೇ ಒಂದು ಕ್ಲಿನಿಕ್ ಶುರುವಾಯಿತು. ಅದರ ಹಿಂದೆಯೂ ಲೀ ಇದ್ದರು. ಪೆರಿನಿ ಕುಟುಂಬದ ನೆರವಿನಿಂದ ನಡೆದ ಅದಕ್ಕೆ ‘ಬದುಕಿನ ಗುಣಮಟ್ಟದ ಕ್ಲಿನಿಕ್’ ಎಂಬರ್ಥದ ಹೆಸರು. ಹೃದಯ, ಥೈರಾಯ್ಡ್, ಓದು, ನೌಕರಿ, ವಿಮೆ, ಮಕ್ಕಳು, ಹೀಗೆ ಯಾವ ವಿಭಾಗಕ್ಕೂ ಪೂರ್ತಿ ಸೇರದ ತೊಂದರೆಗಳನ್ನು ಒಂದೆಡೆ ನೋಡುವ ಜಾಗ ಅದು. ಸುಮಾರು ಅದೇ ಕಾಲಕ್ಕೆ ಭಾರತದಲ್ಲೂ ಇಂಥ ಕೆಲಸ ಆರಂಭವಾಯಿತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 1991ರಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿ ಡಾ. ಪೂರ್ಣಾ ಕುರ್ಕುರೆ ಅವರ ನೇತೃತ್ವದಲ್ಲಿ ‘ಆ್ಯಕ್ಟ್’ ಕ್ಲಿನಿಕ್ ತೆರೆಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ಅದಕ್ಕೂ ಮುಂಚಿನದು, 1982ರದು. ಆದರೆ ಹೊಸ ರೋಗಿಗಳನ್ನು ಎಣಿಸುವುದು ಬೇರೆ. ಬಿಡುಗಡೆಯಾಗಿ ಊರಿಗೆ ಹೋದವರನ್ನು ಇಪ್ಪತ್ತು ವರ್ಷ ಹುಡುಕಿಕೊಂಡು ಹೋಗುವುದು ಬೇರೆ. ಮನೆ ಬದಲಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ, ಮದುವೆಯಾದ ಹೆಣ್ಣುಮಗಳ ಊರೇ ಬದಲಾಗುತ್ತದೆ.

ಪಾರಾದವರಿಗೆ ಇಂಗ್ಲಿಷಿನಲ್ಲಿರುವ ‘ಸರ್ವೈವರ್’ ಎಂಬ ಪದ ವೈದ್ಯಕೀಯದಲ್ಲಿ ಬೇರೂರಿದ್ದಕ್ಕೆ ಕಾರಣರಾದವರಲ್ಲಿ ಫಿಟ್ಝ್‌ಹ್ಯೂ ಮುಲ್ಲನ್ ಮುಖ್ಯರು. ವೈದ್ಯರೂ ಆಗಿ ಕ್ಯಾನ್ಸರ್ ರೋಗಿಯೂ ಆಗಿದ್ದ ಅವರ ಪ್ರಬಂಧ ಬಂದದ್ದು 1985ರಲ್ಲಿ. ಕನ್ನಡದ ಪತ್ರಿಕೆಗಳು ‘ಕ್ಯಾನ್ಸರ್ ಗೆದ್ದವರು’ ಎಂದು ಬರೆಯುತ್ತವೆ. ಹುಮ್ಮಸ್ಸಿನ ಪದ ನಿಜ, ಆದರೆ ಲೀ ಅವರ ಅಂಕಿಅಂಶಗಳ ಪಕ್ಕದಲ್ಲಿಟ್ಟರೆ ಸ್ವಲ್ಪ ಅವಸರದ ಪದ. ‘ಪಾರಾದವರು’ ಎಂಬುದರಲ್ಲಿ ಹೊಳೆ ದಾಟಿದ ಭಾವವಿದೆ, ಮುಂದಿನ ದಾರಿಯ ಬಗ್ಗೆ ಯಾವ ಭರವಸೆಯೂ ಇಲ್ಲ. ಅದಕ್ಕೇ ಈ ಲೇಖನದಲ್ಲಿ ಆ ಪದ.

ಪಿ53

ಮನೆತನದ ಕ್ಯಾನ್ಸರ್, ಪಾರಾದ ಮಕ್ಕಳು ಎಂಬ ಎರಡು ದಾರಿಗಳೂ ಒಂದಾಗುವುದು ವಿಕಿರಣದ ಬಳಿ. ನಮ್ಮ ಆಸ್ಪತ್ರೆಗಳ ಪಡಸಾಲೆಯಲ್ಲಿ ಜನ ‘ಕರೆಂಟ್ ಕೊಡೋದು’ ಎನ್ನುವ ಚಿಕಿತ್ಸೆಯೇ ಇದು. 1988ರ ಪ್ರಬಂಧದಲ್ಲಿ ಒಂದಕ್ಕಿಂತ ಹೆಚ್ಚು ಕ್ಯಾನ್ಸರ್ ಬಂದ 15 ಜನರಿದ್ದರು. ಅವರಲ್ಲಿ ಆರು ಮಂದಿಯ ಎರಡನೆಯ ಕ್ಯಾನ್ಸರ್‌ಗೂ ಮೊದಲನೆಯದಕ್ಕೆ ಕೊಟ್ಟ ವಿಕಿರಣಕ್ಕೂ ನಂಟಿತ್ತು. ಮೊದಲ ರೋಗದಿಂದ ಪಾರು ಮಾಡಿದ ಚಿಕಿತ್ಸೆಯೇ ಈ ಮನೆತನದವರಿಗೆ ಮುಂದಿನ ರೋಗಕ್ಕೆ ಬಾಗಿಲು ತೆರೆಯುತ್ತಿತ್ತು. ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಆಸ್ಪತ್ರೆಯಲ್ಲಿ ಲೂಯಿಸ್ ಸ್ಟ್ರಾಂಗ್ ಬಾಲ್ಯದ ಸಾರ್ಕೋಮಾದಿಂದ ಪಾರಾದವರನ್ನೂ ಅವರ ಬಂಧುಗಳನ್ನೂ ಒಟ್ಟಿಗೇ ಅಧ್ಯಯನ ಮಾಡುತ್ತಿದ್ದರು. ಪಾರಾದವರನ್ನು ಹಿಡಿದು ಹೋದರೆ ಕುಟುಂಬ ಸಿಗುತ್ತದೆ ಎಂಬುದು ಅವರಿಗೂ ಕಂಡಿತ್ತು.

ವಂಶವಾಹಿ ಯಾವುದು ಎಂದು ಹಿಡಿಯುವುದು ಆಗಿನ ಸಾಮಾನ್ಯ ವಿಧಾನದಿಂದ ಆಗುವಂತಿರಲಿಲ್ಲ. ಕುಟುಂಬದ ಅನೇಕರ ರಕ್ತ ಪಡೆದು, ಯಾವ ಕ್ರೋಮೋಸೋಮಿನ ತುಣುಕು ರೋಗದ ಜೊತೆಗೇ ಸಾಗಿಬಂದಿದೆ ಎಂದು ನೋಡುವ ವಿಧಾನ ಅದು. ಈ ಕುಟುಂಬಗಳಲ್ಲಿ ರೋಗಿಗಳು ಬಹುಪಾಲು ತೀರಿಹೋಗಿದ್ದರು. ಹಾಗಾಗಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸ್ಟೀಫನ್ ಫ್ರೆಂಡ್ ಅವರ ಪ್ರಯೋಗಾಲಯದಲ್ಲಿ ಡೇವಿಡ್ ಮಾಲ್ಕಿನ್ ತಿರುಗುಮುರುಗಾದ ದಾರಿ ಹಿಡಿದರು: ಮೊದಲು ಒಂದು ವಂಶವಾಹಿಯನ್ನು ಶಂಕಿಸುವುದು, ಆಮೇಲೆ ಕುಟುಂಬದವರಲ್ಲಿ ಅದನ್ನು ಓದಿ ನೋಡುವುದು. ಶಂಕೆ ಬಿದ್ದದ್ದು 17ನೆಯ ಕ್ರೋಮೋಸೋಮಿನ ಪಿ53 ಮೇಲೆ. 1979ರಲ್ಲಿ ಪತ್ತೆಯಾದ ಪಿ53 ಅನ್ನು ಹತ್ತು ವರ್ಷ ಕ್ಯಾನ್ಸರ್ ಹುಟ್ಟಿಸುವ ವಂಶವಾಹಿ ಎಂದೇ ತಪ್ಪು ತಿಳಿಯಲಾಗಿತ್ತು. ಅದು ಕ್ಯಾನ್ಸರ್ ತಡೆಯುವಂಥದ್ದು ಎಂದು ಖಚಿತವಾದದ್ದು 1989ರಲ್ಲಿ. 1990ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಓದಿದ ಐದು ಕುಟುಂಬಗಳಲ್ಲಿ ಐದರಲ್ಲೂ ಹುಟ್ಟಿನಿಂದಲೇ ಕೆಟ್ಟ ಪಿ53 ಇತ್ತು. ಅದರ ಬೆನ್ನಿಗೇ ಎಸ್ತರ್ ಚಾಂಗ್ ಅವರ ತಂಡ ಇನ್ನೊಂದು ಕುಟುಂಬದಲ್ಲಿ ಅದನ್ನೇ ತೋರಿಸಿತು. ನಾಲ್ಕು ಕುಟುಂಬಗಳ ಪ್ರಬಂಧದಿಂದ ಇಲ್ಲಿಗೆ 21 ವರ್ಷ. ಪ್ರಯೋಗಾಲಯದ ಕೆಲಸ ತಿಂಗಳುಗಳದ್ದು, ಹಿಂದಿನದೆಲ್ಲ ಕಡತ, ಕಾಗದ, ಫೋನುಗಳದ್ದು.

ಪಿ53 ಜೀವಕೋಶದ ಕಾವಲುಗಾರ. ವಿಕಿರಣವೋ ಇನ್ನೇನೋ ತಗುಲಿ ಡಿಎನ್ಎ ಎಳೆ ತುಂಡಾದರೆ, ಸರಿಯಾಗುವವರೆಗೂ ಕೋಶವನ್ನು ಇಬ್ಭಾಗವಾಗಲು ಬಿಡುವುದಿಲ್ಲ. ಸರಿಯಾಗದಿದ್ದರೆ ಕೋಶವನ್ನು ಸಾಯಿಸುತ್ತದೆ. ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಇನ್ನೊಂದು ಕೈಕೊಟ್ಟ ಕೋಶದಲ್ಲಿ ಕಾವಲೇ ಇರುವುದಿಲ್ಲ. ಮುರಿದ ಡಿಎನ್ಎಯೊಂದಿಗೇ ಅದು ಬೆಳೆಯುತ್ತದೆ. ಒಂದೇ ದೋಷದಿಂದ ಸ್ನಾಯು, ಸ್ತನ, ಮಿದುಳು, ರಕ್ತ ಎಲ್ಲೆಡೆ ರೋಗ ಹುಟ್ಟುವುದು ಹೇಗೆಂಬ 1967ರ ಒಗಟು ಹೀಗೆ ಬಿಡಿಸಿಕೊಂಡಿತು. ಈ ಮನೆತನದವರಿಗೆ ಬೇರೆ ದಾರಿಯಿದ್ದರೆ ವಿಕಿರಣ ಕೊಡಬಾರದು ಎಂಬ ಎಚ್ಚರಿಕೆಯೂ ಇದರಿಂದಲೇ ಬಂದದ್ದು.

ಮನೆತನದ ಕ್ಯಾನ್ಸರ್ಗಳಲ್ಲಿ ಲೀ ಹಿಂಬಾಲಿಸಿದ್ದು ಈ ಸಿಂಡ್ರೋಮ್ ಒಂದನ್ನೇ ಅಲ್ಲ. ಹತ್ತು ಮಂದಿಗೆ ಮೂತ್ರಪಿಂಡದ ಕ್ಯಾನ್ಸರ್ ಬಂದಿದ್ದ ಒಂದು ಕುಟುಂಬದಲ್ಲಿ 3 ಮತ್ತು 8ನೆಯ ಕ್ರೋಮೋಸೋಮುಗಳ ತುಣುಕುಗಳು ಅದಲುಬದಲಾಗಿರುವುದನ್ನು 1979ರಲ್ಲೇ ಸಹೋದ್ಯೋಗಿಗಳೊಂದಿಗೆ ವರದಿ ಮಾಡಿದ್ದರು.

ತಿಳಿಯಬೇಕೆ, ಬೇಡವೇ

ರಕ್ತಪರೀಕ್ಷೆಯಿಂದ ಮುಂದಿನದನ್ನು ಹೇಳಬಹುದು ಎಂದಾದಾಗ ಲೀ ಹಿಗ್ಗಲಿಲ್ಲ, ಹಿಂಜರಿದರು. 1990ರಲ್ಲಿ ಅಂಥ ಮನೆತನದ ಒಬ್ಬ ಆರೋಗ್ಯವಂತರಿಗೆ ‘ನಿಮಗೆ ಕೆಟ್ಟ ಪಿ53 ಇದೆ’ ಎಂದು ಹೇಳಿದರೂ ಆಮೇಲೆ ಮಾಡಲು ವೈದ್ಯರ ಬಳಿ ಹೆಚ್ಚೇನೂ ಇರಲಿಲ್ಲ. ಯಾರನ್ನು ಪರೀಕ್ಷಿಸಬೇಕು, ಮಕ್ಕಳನ್ನು ಪರೀಕ್ಷಿಸಬಹುದೇ, ಫಲಿತಾಂಶವನ್ನು ಯಾರು ಹೇಗೆ ತಿಳಿಸಬೇಕು, ಗುಟ್ಟು ಕಾಪಾಡುವುದು ಹೇಗೆ ಎಂಬ ಬಗ್ಗೆ ಜೂಡಿ ಗಾರ್ಬರ್, ಫ್ರೆಂಡ್ ಮತ್ತಿತರರ ಜೊತೆ ಸೇರಿ 1992ರಲ್ಲಿ ಶಿಫಾರಸುಗಳನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಆಗಿನ ಭಯ ಕೆಲಸ ಮತ್ತು ವಿಮೆಯದ್ದು. ವಂಶವಾಹಿಯ ಆಧಾರದ ಮೇಲೆ ಆರೋಗ್ಯ ವಿಮೆಯಲ್ಲೂ ನೌಕರಿಯಲ್ಲೂ ಭೇದ ಮಾಡಬಾರದೆಂಬ ಕಾನೂನು ಅಲ್ಲಿ ಬಂದದ್ದು 2008ರಲ್ಲಿ. ಜೀವ ವಿಮೆಯನ್ನು ಅದು ಮುಟ್ಟಲಿಲ್ಲ. ನಮ್ಮಲ್ಲಿ ಭಯದ ಜಾಗ ಬೇರೆ. ಹೆಣ್ಣು ನೋಡಲು ಬಂದವರ ಮುಂದೆ ಅತ್ತೆಗೆ, ಚಿಕ್ಕಮ್ಮನಿಗೆ ಏನಾಗಿತ್ತೆಂದು ಯಾರೂ ಬಾಯಿ ಬಿಡುವುದಿಲ್ಲ. ‘ಹೊಟ್ಟೆನೋವಿತ್ತು, ಹೋಗಿಬಿಟ್ಟಳು’ ಎಂಬ ಮಾತಿನಲ್ಲಿ ಎಷ್ಟು ಮನೆಗಳ ವಂಶವೃಕ್ಷ ಹೂತುಹೋಗಿದೆಯೋ.

ಲೀ, ಫ್ರೌಮೆನಿ ಇಬ್ಬರಿಗೂ ಜಂಟಿಯಾಗಿ 1995ರಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ ಚಾರ್ಲ್ಸ್ ಎಸ್. ಮಾಟ್ ಪ್ರಶಸ್ತಿ ಬಂತು. ಮಾರನೆಯ ವರ್ಷ ಅಧ್ಯಕ್ಷ ಕ್ಲಿಂಟನ್ ಲೀ ಅವರನ್ನು ರಾಷ್ಟ್ರೀಯ ಕ್ಯಾನ್ಸರ್ ಸಲಹಾ ಮಂಡಳಿಗೆ ನೇಮಿಸಿದರು. ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 2015ರ ಜೂನಿನಲ್ಲಿ, 75ನೆಯ ವಯಸ್ಸಿನಲ್ಲಿ, ಆಲ್ಝೈಮರ್ ಕಾಯಿಲೆಯ ತೊಡಕುಗಳಿಂದ ತೀರಿಕೊಂಡರು.

ಕೆಟ್ಟ ಪಿ53 ಇದೆಯೆಂದು ತಿಳಿದ ಮೇಲೆ ಏನು ಮಾಡಬೇಕು ಎಂಬುದಕ್ಕೆ 1992ರಲ್ಲಿ ಇಲ್ಲದಿದ್ದ ಉಪಾಯ ಈಗ ಒಂದು ಮಟ್ಟಿಗೆ ಇದೆ. ಟೊರಾಂಟೊದಲ್ಲಿ ಮಾಲ್ಕಿನ್ ಮತ್ತು ಸಂಗಡಿಗರು ರೂಪಿಸಿದ ಕ್ರಮದಲ್ಲಿ ಕೆಟ್ಟ ಪಿ53 ಇರುವವರಿಗೆ ವರ್ಷಕ್ಕೊಮ್ಮೆ ಇಡೀ ದೇಹದ ಎಂಆರ್‌ಐ, ಮಿದುಳಿನ ಎಂಆರ್‌ಐ, ನಡುನಡುವೆ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ರಕ್ತಪರೀಕ್ಷೆ ಇವೆ. ವಿಕಿರಣವಿಲ್ಲದ ಪರೀಕ್ಷೆಗಳನ್ನೇ ಆರಿಸಿದ್ದರ ಹಿಂದೆ ಮೇಲಿನ ಕಥೆಯೆಲ್ಲ ಇದೆ. 2016ರಲ್ಲಿ ಪ್ರಕಟವಾದ 11 ವರ್ಷಗಳ ಲೆಕ್ಕದಲ್ಲಿ, ಹೀಗೆ ಕಣ್ಣಿಟ್ಟವರಲ್ಲಿ ಐದು ವರ್ಷ ಬದುಕುಳಿಯುವ ಪ್ರಮಾಣ ಶೇ. 88.8, ಇಡದವರಲ್ಲಿ ಶೇ. 59.6. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯವರು ಬಾಲ್ಯದ ಕ್ಯಾನ್ಸರ್‌ನಿಂದ ಪಾರಾದ 3,006 ಮಂದಿಯ ಇಡೀ ಜೀನೋಮ್ ಓದಿ 2018ರಲ್ಲಿ ವರದಿ ಮಾಡಿದರು. ಶೇ. 5.8ರಷ್ಟು ಜನರಲ್ಲಿ ಕ್ಯಾನ್ಸರ್‌ಗೆ ಒಲವು ತರುವ ಆನುವಂಶಿಕ ದೋಷ ಇತ್ತು. ಕೆಟ್ಟ ಪಿ53 ಎಲ್ಲೆಡೆಯೂ ಅಪರೂಪವಲ್ಲ: ದಕ್ಷಿಣ ಬ್ರೆಜಿಲಿನಲ್ಲಿ ಒಬ್ಬ ಪೂರ್ವಜರಿಂದ ಹರಡಿದ ಪಿ53ರ ಸೌಮ್ಯ ದೋಷವೊಂದು ಸುಮಾರು 300 ಜನರಲ್ಲಿ ಒಬ್ಬರಿಗಿದೆ.

ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2011ರಲ್ಲಿ ಲೀ–ಫ್ರೌಮೆನಿ ಕುಟುಂಬಗಳ ಹೊಸ ಅಧ್ಯಯನ ಶುರು ಮಾಡಿತು. ಕೆಟ್ಟ ಪಿ53 ಇರುವ 286 ಮಂದಿಯ ಲೆಕ್ಕದಲ್ಲಿ ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ 31ರ ಹೊತ್ತಿಗೆ, ಗಂಡಸರಲ್ಲಿ 46ರ ಹೊತ್ತಿಗೆ ಕ್ಯಾನ್ಸರ್ ಬಂದಿತ್ತು. ಆ ಅಧ್ಯಯನಕ್ಕೆ ಸೇರುವವರು ಮೊದಲು ತುಂಬಬೇಕಾದ ಕಾಗದಗಳಲ್ಲಿ ತಂದೆ, ತಾಯಿ, ಅಜ್ಜ, ಅಜ್ಜಿ, ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆ ಯಾವ ವಯಸ್ಸಿನಲ್ಲಿ ಏನಾಗಿತ್ತು ಎಂಬ ವಿವರವೂ ಸೇರಿದೆ.